ಬರೆದವರ ಹೆಸರಿನ ಕಾಲಂ

2009ರ ಜುಲೈ. ಬಿಇ ಮುಗಿದಿತ್ತು, ಕ್ಯಾಂಪಸ್‌ನಲ್ಲಿ ಸಿಕ್ಕ ಕೆಲಸದ ಜಾಯಿನಿಂಗ್ ಡೇಟ್ ಮಾತ್ರ ತಿಂಗಳಿಂದ ತಿಂಗಳಿಗೆ ಮುಂದೆ ಹೋಗ್ತಾ ಇತ್ತು. ಆ ವರ್ಷ ಪಾಸಾದವರಿಗೆಲ್ಲ ಈ ಕಥೆ ಗೊತ್ತು. ನಾನು ಆಲ್ಕೊಳದ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ಹೊಸನಗರ ಕಡೆಯ ಹಳ್ಳಿಮನೆ ಬಿಚ್ಚಿ ನಾವು ಇಲ್ಲಿಗೆ ಬಂದು ಎರಡು ವರ್ಷ ಆಗಿತ್ತು. ಅಟ್ಟದ ಮೇಲಿದ್ದ ಹಳೇ ಸಾಮಾನು ಒಂದು ಮರದ ಪೆಟ್ಟಿಗೆಯಲ್ಲಿ ಬಂದು ಹಿತ್ತಲ ಶೆಡ್ಡಿನಲ್ಲಿ ಬಿದ್ದಿತ್ತು. ಒಂದು ದಿನ ನೋಡಿದರೆ ಪೆಟ್ಟಿಗೆಗೆ ಗೆದ್ದಲು. ತೆಗೆದಾಗ ಸಿಕ್ಕಿದ್ದು ಒಂದು ಸೇರು, ಎರಡು ಕೌಳಿಗೆ, ಅಜ್ಜನ ಒಡೆದ ಕನ್ನಡಕ, ತಳದಲ್ಲಿ ಕೆಂಪು ಬಟ್ಟೆ ಸುತ್ತಿದ ಒಂದು ತಾಡೋಲೆ ಕಟ್ಟು. ಕಟ್ಟಿನ ಒಂದು ಮೂಲೆ ಪೂರಾ ಮಣ್ಣಾಗಿತ್ತು.

"ಕಸದ ಗಾಡಿಗೆ ಹಾಕೂಕಾಗಲ್ಲ" ಅಂದರು ಅಪ್ಪಯ್ಯ. "ಅಕ್ಷರ ಇರೋದು. ಹೊಳೆಗೆ ಬಿಟ್ಟು ಬಾ."

ಬೈಕಿನಲ್ಲಿ ಹೋಗಿ ತುಂಗೆಗೆ ಬಿಟ್ಟು ಬಂದೆ. ಮಳೆಗಾಲದ ಕೆಂಪು ನೀರು. ಕಟ್ಟು ಒಂದು ಸಲ ಸುತ್ತು ತಿರುಗಿ ಹೋಯ್ತು. ಬರುವಾಗ ದಾರಿಯಲ್ಲಿ ಮಸಾಲೆ ಮಂಡಕ್ಕಿ ತಿಂದದ್ದೂ ನೆನಪಿದೆ. ತಪ್ಪು ಮಾಡಿದೆ ಅಂತ ಏನೂ ಅನ್ನಿಸಿರಲಿಲ್ಲ. ಜೀರ್ಣವಾದ ಗ್ರಂಥವನ್ನು ನೀರಿಗೆ ಬಿಡುವುದು ನಮ್ಮ ಕಡೆ ಹಿಂದಿನಿಂದ ಬಂದ ಮರ್ಯಾದೆ. ಅದಕ್ಕೊಂದು ಕ್ರಮವೂ ಇತ್ತು: ಮೊದಲು ಹೊಸ ಓಲೆಗೆ ಪ್ರತಿ ಮಾಡಿಕೊಳ್ಳಬೇಕು, ಆಮೇಲೆ ಹಳೆಯದನ್ನು ಬಿಡಬೇಕು. ನಾವು ಮೊದಲ ಅರ್ಧ ಮರೆತು ಎರಡನೇ ಅರ್ಧ ಮಾತ್ರ ಉಳಿಸಿಕೊಂಡವರು.

ಹತ್ತಾರು ವರ್ಷ ಮರೆತೇ ಹೋಗಿದ್ದ ಆ ಕಟ್ಟನ್ನು ನೆನಪಿಗೆ ತಂದದ್ದು ಒಂದು ಜರ್ಮನ್ ಲೈಬ್ರರಿ. ಬೆಂಗಳೂರಿನ ಆಫೀಸಿನಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಾಗ ನನ್ನ ತಂಡದ ಮಲಯಾಳಿ ಗೆಳೆಯ ಫೋನ್ ತೆಗೆದು ತೋರಿಸಿದ: ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗ್ರಂಥಾಲಯದ ಗುಂಡರ್ಟ್ ಪೋರ್ಟಲ್. 19ನೇ ಶತಮಾನದ ಮಲಯಾಳಂ ಪುಸ್ತಕಗಳು, ಕೈಬರಹಗಳು, ತಾಡೋಲೆಗಳು, ಪುಟಪುಟವೂ ಸ್ಕ್ಯಾನ್ ಆಗಿ, ಕಾಸಿಲ್ಲದೆ, ಲಾಗಿನ್ ಇಲ್ಲದೆ. ಜೂಮ್ ಮಾಡಿದರೆ ಕಂಟದ ಗೀರು ಕೂಡ ಕಾಣುತ್ತೆ. "ನಿಮ್ಮ ಕಿಟೆಲ್‌ದು ಹೀಗೇನಾದ್ರೂ ಇದೆಯಾ?" ಅಂತ ಕೇಳಿದ. "ಪ್ರತಿಮೆ ಇದೆ, ಎಂ.ಜಿ. ರೋಡಲ್ಲಿ" ಅಂದೆ. ತಮಾಷೆಗೆ ಅಂದದ್ದು. ಅವನು ನಕ್ಕ. ನನಗೆ ಅನ್ನ ಸ್ವಲ್ಪ ಗಂಟಲಲ್ಲಿ ನಿಂತಿತು.

ಅದಾದ ಮೇಲೆ ವರ್ಕ್ ಫ್ರಮ್ ಹೋಮ್ ಹಾಕಿ ಆಲ್ಕೊಳಕ್ಕೆ ಬಂದಾಗಲೆಲ್ಲ, ಸಂಜೆ ಕಾಲ್ ಮುಗಿಸಿ, ಮಹಡಿ ಮೇಲೆ ಕೂತು ಆ ಲೈಬ್ರರಿಯನ್ನು ಓದ್ತಾ ಬಂದಿದ್ದೀನಿ. ಟ್ಯೂಬಿಂಗೆನ್‌ಗೆ ಹೋಗಿಲ್ಲ. ಹಾಗಾಗಿ ಇದು ಪ್ರವಾಸ ಕಥನ ಅಲ್ಲ, ವಿಮರ್ಶೆ. ಪುಸ್ತಕವನ್ನು ವಿಮರ್ಶೆ ಮಾಡುವ ಹಾಗೆ ಲೈಬ್ರರಿಯನ್ನೂ ಮಾಡಬಹುದು ಅಂತ ನನಗನ್ನಿಸುತ್ತೆ. ಯಾವುದನ್ನು ಒಳಗೆ ಇಟ್ಟರು, ಅದನ್ನು ಯಾವ ಹೆಸರಲ್ಲಿ ಕರೆದರು, ಯಾರ ಹೆಸರು ಮೊದಲು ಹಾಕಿದರು ಅನ್ನುವುದೂ ಒಂದು ಬರವಣಿಗೆಯೇ. ಲೈಬ್ರರಿಗೆ ಅದನ್ನು ಬರೆದ ಲೇಖಕರೂ ಇರ್ತಾರೆ.

ಮೊದಲು ಸ್ವಲ್ಪ ಚರಿತ್ರೆ, ಬೇಗ ಮುಗಿಸ್ತೀನಿ. ಟ್ಯೂಬಿಂಗೆನ್ ಸ್ಟುಟ್‌ಗಾರ್ಟ್‌ನ ದಕ್ಷಿಣಕ್ಕೆ, ನೆಕ್ಕರ್ ನದಿ ದಡದ ಸಣ್ಣ ಊರು. ಕೌಂಟ್ ಎಬರ್‌ಹಾರ್ಡ್ ಅನ್ನುವವನು 1477ರಲ್ಲಿ ಅಲ್ಲಿ ವಿಶ್ವವಿದ್ಯಾಲಯ ಕಟ್ಟಿದ. ನಮ್ಮಲ್ಲಿ ವಿಜಯನಗರ ಇನ್ನೂ ಕೃಷ್ಣದೇವರಾಯನನ್ನು ನೋಡಿರಲಿಲ್ಲ. ಅರವತ್ತು ವರ್ಷ ತುಂಬುವುದರೊಳಗೆ, 1534ರಲ್ಲಿ, ಬೆಂಕಿ ಬಿದ್ದು ಮೊದಲ ಲೈಬ್ರರಿ ಸುಟ್ಟುಹೋಯ್ತು. ಮತ್ತೆ ಕೂಡಿಸಿದರು. 1819ರಲ್ಲಿ ಪುಸ್ತಕಗಳನ್ನು ಗುಡ್ಡದ ಮೇಲಿನ ಕೋಟೆಯ ದೊಡ್ಡ ಸಭಾಂಗಣಕ್ಕೆ ಸಾಗಿಸಿದರು. ಅಲ್ಲೂ ಜಾಗ ಸಾಲದೆ 1912ರಲ್ಲಿ ಕೆಳಗೆ ಹೊಸ ಕಟ್ಟಡ ಎದ್ದಿತು, ಪೌಲ್ ಬೊನಾಟ್ಸ್ ಕಟ್ಟಿದ್ದು. ಸ್ಟುಟ್‌ಗಾರ್ಟ್‌ನ ಪ್ರಸಿದ್ಧ ರೈಲ್ವೆ ಸ್ಟೇಷನ್ನೂ ಅವನದೇ ವಿನ್ಯಾಸ, ಆನ್‌ಸೈಟ್ ಹೋಗಿ ಬಂದವರು ನೋಡಿರ್ತೀರಿ. ಈಗ ಆ ಲೈಬ್ರರಿಯಲ್ಲಿ 30 ಲಕ್ಷಕ್ಕೂ ಹೆಚ್ಚು ಸಂಪುಟಗಳಿವೆ.

ಈ ಸಂಖ್ಯೆ ನನ್ನನ್ನು ಅಷ್ಟೇನೂ ಅಲುಗಾಡಿಸಲಿಲ್ಲ. ದುಡ್ಡು ಮತ್ತು ಐನೂರು ವರ್ಷ ಕೊಟ್ಟರೆ ಯಾರು ಬೇಕಾದರೂ ಪುಸ್ತಕ ಕೂಡಿಸಬಹುದು. ನನ್ನನ್ನು ಹಿಡಿದದ್ದು ರುಡಾಲ್ಫ್ ಫಾನ್ ರೋತ್ ಅನ್ನುವ ಮನುಷ್ಯ.

ರೋತ್ ಅಲ್ಲಿ ಸಂಸ್ಕೃತದ ಪ್ರೊಫೆಸರ್. ಓಟೊ ಬ್ಯೋಟ್‌ಲಿಂಕ್ ಜೊತೆ ಸೇರಿ 1855ರಿಂದ 1875ರ ತನಕ ಏಳು ಸಂಪುಟಗಳ ಸಂಸ್ಕೃತ ನಿಘಂಟು ಮಾಡಿದವನು. ಇದರ ಜೊತೆಗೇ 1856ರಿಂದ 1895ರಲ್ಲಿ ಸಾಯುವ ತನಕ, ಹತ್ತಿರ ಹತ್ತಿರ 40 ವರ್ಷ, ಅದೇ ಲೈಬ್ರರಿಯ ಮುಖ್ಯಸ್ಥ. ನಿಘಂಟು ಮಾಡುತ್ತಿದ್ದವನಿಗೆ ಈ ಇನ್ನೊಂದು ಕೆಲಸ ಹೊರೆ ಅನ್ನಿಸಬೇಕಿತ್ತು. ಅವನು 1865ರಲ್ಲಿ ಏನು ಮಾಡಿದ ನೋಡಿ: ತಮ್ಮಲ್ಲಿರುವ ಭಾರತೀಯ ಹಸ್ತಪ್ರತಿಗಳು ಯಾವುವು ಅಂತ ಒಂದು ಪಟ್ಟಿ ಅಚ್ಚು ಹಾಕಿಸಿದ. ಅವನು ಹೋದ ಮೇಲೆ ರಿಚರ್ಡ್ ಗಾರ್ಬೆ 1899ರಲ್ಲಿ ಅದಕ್ಕೆ ಮುಂದುವರಿಕೆ ಅಚ್ಚು ಹಾಕಿಸಿದ, 1865ರಿಂದೀಚೆಗೆ ಬಂದು ಸೇರಿದ್ದೇನು ಅಂತ. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದರೆ ವರ್ಷನ್ 1, ಆಮೇಲೆ ರಿಲೀಸ್ ನೋಟ್ಸ್. ಮನೆಯಲ್ಲಿ ಏನಿದೆ ಅಂತ ಮನೆ ಹೊರಗಿನವರಿಗೂ ಗೊತ್ತಾಗುವ ಹಾಗೆ ಬರೆದಿಡುವುದು. ಇಷ್ಟು ಸಣ್ಣ ಕೆಲಸ.

ರೋತ್ ಜೊತೆ ತಳುಕು ಹಾಕಿಕೊಂಡ ಹಸ್ತಪ್ರತಿಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಅಥರ್ವವೇದದ ಪೈಪ್ಪಲಾದ ಶಾಖೆಯ ಒಂದು ಪ್ರತಿ. ಭೂರ್ಜದ ತೊಗಟೆ ಮೇಲೆ ಶಾರದಾ ಲಿಪಿಯಲ್ಲಿ ಬರೆದದ್ದು. ಕಾಶ್ಮೀರದ ಮಹಾರಾಜ ಅದನ್ನು ವಿಲಿಯಂ ಮ್ಯೂರ್ ಅನ್ನುವ ಬ್ರಿಟಿಷ್ ಅಧಿಕಾರಿಗೆ ಕೊಟ್ಟ, ಮ್ಯೂರ್ 1870ರ ದಶಕದಲ್ಲಿ ರೋತ್‌ಗೆ ಕಳಿಸಿದ. ರೋತ್ ನಂತರ ಅದು ಲೈಬ್ರರಿಯದಾಯ್ತು. 1901ರಲ್ಲಿ ಅದರ ಪ್ರತಿ ಎಲೆಯ ಫೋಟೊ ತೆಗೆದು ಅಮೆರಿಕದ ಬಾಲ್ಟಿಮೋರ್‌ನಿಂದ ಪ್ರಕಟಿಸಿದರು. ಸ್ಕ್ಯಾನರ್ ಅನ್ನುವ ಪದವೇ ಇಲ್ಲದ ಕಾಲ ಅದು.

ನಿಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ "ಜರ್ಮನ್ನರು ನಮ್ಮ ವೇದ ಕದ್ದುಕೊಂಡು ಹೋಗಿ ರಾಕೆಟ್ ಮಾಡಿದರು" ಅಂತ ಬರುತ್ತಲ್ಲ, ಅದಕ್ಕೆ ಇಂಥ ಪ್ರತಿಗಳೇ ಆಧಾರ ಅಂತ ಕಾಣುತ್ತೆ. ಆ ಫಾರ್ವರ್ಡಿಗೆ ಉತ್ತರವಾಗಿ ಇನ್ನೊಬ್ಬ ಚಿಕ್ಕಪ್ಪ ಹಾಕ್ತಾರೆ: "ಅವರು ಒಯ್ಯದಿದ್ರೆ ನಾವು ಒಲೆಗೆ ಹಾಕಿರ್ತಿದ್ವಿ." ಮೊದಲನೆಯದು ಸುಳ್ಳು. ಎರಡನೆಯದನ್ನು ನಾನು ತುಂಬಾ ದಿನ ಒಪ್ಪಿದ್ದೆ, ಯಾಕೆಂದರೆ ತುಂಗೆಗೆ ಬಿಟ್ಟವನು ನಾನೇ. ಆದರೆ ಪೈಪ್ಪಲಾದದ ಕಥೆ ಟ್ಯೂಬಿಂಗೆನ್‌ನಲ್ಲಿ ಮುಗಿಯುವುದಿಲ್ಲ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ವಿದ್ವಾಂಸರ ಪಾಲಿಗೆ ಆ ಶಾಖೆ ಅಂದರೆ ಆ ಒಂದು ಕಾಶ್ಮೀರಿ ಪ್ರತಿ, ತಪ್ಪುಗಳು ತುಂಬಿದ್ದ, ಓದಲು ಹೈರಾಣು ಮಾಡುತ್ತಿದ್ದ ಪ್ರತಿ. 1950ರ ದಶಕದ ಕೊನೆಗೆ ದುರ್ಗಾಮೋಹನ ಭಟ್ಟಾಚಾರ್ಯ ಒಡಿಶಾದ ಹಳ್ಳಿಗಳಿಗೆ ಹೋದರು. ಅಲ್ಲಿ ಪೈಪ್ಪಲಾದಿ ಬ್ರಾಹ್ಮಣರ ಮನೆಗಳಲ್ಲಿ ಅದೇ ಸಂಹಿತೆ ತಾಡೋಲೆಯ ಮೇಲೆ ಇತ್ತು, ಎಷ್ಟೋ ಕಡೆ ಹೆಚ್ಚು ಶುದ್ಧವಾದ ಪಾಠದಲ್ಲಿ. ಯುರೋಪಿನಲ್ಲಿ ಕೂತು ತೊಗಟೆ ಮೇಲೆ ಭೂತಗನ್ನಡಿ ಹಿಡಿದಷ್ಟೂ ಕಾಲ, ಆ ಪುಸ್ತಕ ಯಾರದೋ ಮನೆಯ ಅಟ್ಟದ ಮೇಲೆ ಆರಾಮಾಗಿ ಕೂತಿತ್ತು.

ಇದನ್ನು ಓದಿದ ರಾತ್ರಿ ಮಹಡಿಯಿಂದ ಕೆಳಗಿಳಿದು ಹಿತ್ತಲ ಶೆಡ್ಡಿನ ದೀಪ ಹಾಕಿ ನೋಡಿದೆ. ಅಲ್ಲಿ ಈಗ ವಾಷಿಂಗ್ ಮೆಷಿನ್ ಇದೆ.

ಕನ್ನಡದ ವಿಷಯಕ್ಕೆ ಬರ್ತೀನಿ. ಹೆರ್ಮನ್ ಮೊಗ್ಲಿಂಗ್ ಮತ್ತು ಹೆರ್ಮನ್ ಗುಂಡರ್ಟ್ ಇಬ್ಬರೂ ಟ್ಯೂಬಿಂಗೆನ್‌ನಲ್ಲೇ ಓದಿದವರು, ಇಬ್ಬರೂ ಭಾರತಕ್ಕೆ ಬಂದದ್ದು 1836ರಲ್ಲಿ. ಮೊಗ್ಲಿಂಗ್ ಮಂಗಳೂರು ಸೇರಿದ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದ. ದಾಸರ ಪದ, ಜೈಮಿನಿ ಭಾರತ, ಬಸವ ಪುರಾಣಗಳನ್ನೆಲ್ಲ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಕಲ್ಲಚ್ಚಿನಲ್ಲಿ ತೆಗೆದ. ಅದಕ್ಕಾಗಿಯೇ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1858ರಲ್ಲಿ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕಿಟೆಲ್‌ಗೆ 1894ರ ನಿಘಂಟಿನ ನಂತರ, 1896ರಲ್ಲಿ. ಕಿಟೆಲ್ ತೀರಿಕೊಂಡದ್ದೂ ಅದೇ ಊರಿನಲ್ಲಿ, 1903ರಲ್ಲಿ. ಅಂದರೆ ಕನ್ನಡಕ್ಕೆ ಟ್ಯೂಬಿಂಗೆನ್ ಏನೂ ದೂರದ ಊರಲ್ಲ. ನಮ್ಮ ನಿಘಂಟುಕಾರನ ಕೊನೆಯ ವಿಳಾಸ ಅದು.

ಗುಂಡರ್ಟ್ ತಲಶ್ಶೇರಿ ಕಡೆ ಹೋದ. ಮಲಯಾಳಂ ವ್ಯಾಕರಣ, 1872ರ ಮಲಯಾಳಂ ನಿಘಂಟು ಅವನವು. ಹೆರ್ಮನ್ ಹೆಸ್ಸೆಯ ತಾಯಿಯ ಅಪ್ಪ ಅವನು, ‘ಸಿದ್ಧಾರ್ಥ’ ಓದಿದವರಿಗೆ ಹೇಳ್ತಾ ಇದ್ದೀನಿ. ಅವನು ಕೂಡಿಸಿದ ಓಲೆ, ಕಾಗದ, ಕೈಬರಹಗಳ ದೊಡ್ಡ ಗಂಟು ಟ್ಯೂಬಿಂಗೆನ್ ಲೈಬ್ರರಿಗೆ ಬಂದು ಸೇರಿತು. ಸೇರಿ, ಕೂತಿತು. ಈ ಮಾತನ್ನು ಒತ್ತಿ ಹೇಳಬೇಕು: ರೋತ್‌ನ ಪಟ್ಟಿಯ ಪರಂಪರೆ ಇದ್ದ ಲೈಬ್ರರಿಯಲ್ಲೂ ಮಲಯಾಳಂ ಓದಬಲ್ಲವರು ಬರುವ ತನಕ ಆ ಗಂಟಿನಲ್ಲಿ ಏನಿದೆ ಅಂತ ಹೇಳುವವರಿರಲಿಲ್ಲ. 1986ರಲ್ಲಿ ಕೇರಳದಿಂದ ಸ್ಕರಿಯಾ ಸಕ್ಕರಿಯಾ ಹೋದರು, ಬಿಚ್ಚಿ ಓದಿದರು. ಪಯ್ಯನ್ನೂರ್ ಪಾಟ್ಟ್ ಅನ್ನುವ ಹಳೆಯ ಕಾವ್ಯ ಸಿಕ್ಕಿತು, ತಲಶ್ಶೇರಿ ಕಂಪನಿ ಕಚೇರಿಯ 18ನೇ ಶತಮಾನದ ಕೊನೆಯ ಪತ್ರಗಳು ಸಿಕ್ಕವು, ಅದರಲ್ಲಿ ಪಳಶ್ಶಿ ರಾಜನ ಪತ್ರಗಳೂ ಇದ್ದವು. ಅವೆಲ್ಲ ಕೇರಳದಲ್ಲಿ ಪುಸ್ತಕಗಳಾದವು. ಮುಂದೆ, ಬೆಂಗಳೂರಿನಲ್ಲಿದ್ದ ಶಿಜು ಅಲೆಕ್ಸ್ ಥರದ ಮಲಯಾಳಂ ವಿಕಿಪೀಡಿಯ ಬಳಗದವರು ಲೈಬ್ರರಿಯ ಬೆನ್ನು ಬಿದ್ದರು. 2018ರಲ್ಲಿ ಪೋರ್ಟಲ್ ಬಂತು. ಸ್ಕ್ಯಾನ್ ಅಷ್ಟೇ ಅಲ್ಲ, ಎಷ್ಟೋ ಪುಸ್ತಕಗಳನ್ನು ಯೂನಿಕೋಡ್‌ಗೂ ತಂದರು, ಅಂದರೆ ಹುಡುಕಬಹುದು. ಸಂಗ್ರಹದಲ್ಲಿ ಕನ್ನಡ, ತುಳು, ತಮಿಳಿನವೂ ಇವೆ.

ಹಾಗಾಗಿ ನನ್ನ ಮೊದಲ ತೀರ್ಮಾನ: ಟ್ಯೂಬಿಂಗೆನ್‌ನ ಹೆಗ್ಗಳಿಕೆ ನಮ್ಮ ಪುಸ್ತಕ ಇಟ್ಟುಕೊಂಡದ್ದಲ್ಲ. ಇಟ್ಟುಕೊಂಡದ್ದನ್ನು ಬರೆದಿಟ್ಟದ್ದು, ಕೇಳಿಕೊಂಡು ಬಂದವರಿಗೆ ಬಾಗಿಲು ತೆಗೆದದ್ದು. ಕೇಳಿಕೊಂಡು ಹೋದವರು ಮಲಯಾಳಿಗಳು. ಅದರ ಅರ್ಧ ಶ್ರೇಯಸ್ಸು ಲೈಬ್ರರಿಗೆ, ಅರ್ಧ ಆ ಗೆಳೆಯನ ಊರಿನವರಿಗೆ.

ಈಗ ತಕರಾರು.

ಸಂಗ್ರಹದ ಹೆಸರು ‘ಗುಂಡರ್ಟ್ ನಾಖ್‌ಲಾಸ್’. ಒಬ್ಬ ವ್ಯಕ್ತಿ ಹೋದ ಮೇಲೆ ಉಳಿದ ಕಾಗದಪತ್ರ ಅಂತ ಅರ್ಥ. ಆದರೆ ಅದರೊಳಗಿನ ಓಲೆಯನ್ನು ಗುಂಡರ್ಟ್ ಕೊರೆದಿಲ್ಲ. ಕೊರೆದವನೊಬ್ಬ, ಅದನ್ನು ತಲೆಮಾರು ಕಾಪಾಡಿದವರೊಬ್ಬರು, ಬಿಸಿಲಲ್ಲಿ ನಡೆದು ತಂದುಕೊಟ್ಟವನೊಬ್ಬ, ಪಕ್ಕದಲ್ಲಿ ಕೂತು ಸಾಲು ಸಾಲಿಗೆ ಅರ್ಥ ಹೇಳಿದ ಮುನ್ಷಿಯೊಬ್ಬ. ಇವರೆಲ್ಲ ಆ ಹೆಸರಿನ ಹೊರಗೆ. ಕೆಲವರು ಪ್ರತಿಯ ಕೊನೆಯಲ್ಲಿ ತಮ್ಮ ಹೆಸರು ತಾವೇ ಬರೆದುಕೊಂಡಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಾವು ದಿನಾ ಬಳಸುವ ಗಿಟ್‌ನಲ್ಲಿ ಇದಕ್ಕೆ ಒಂದು ಉಪಾಯ ಇದೆ, ನಮ್ಮಲ್ಲೇ ಎಷ್ಟೋ ಜನ ಗಮನಿಸಿರಲ್ಲ. ಒಂದು ಕಮಿಟ್‌ಗೆ ಎರಡು ಹೆಸರು ಇರುತ್ತೆ: ಆಥರ್, ಕಮಿಟರ್. ಕೋಡ್ ಬರೆದವನು ಒಬ್ಬ, ಅದನ್ನು ರೆಪೊಸಿಟರಿಗೆ ಸೇರಿಸಿದವನು ಇನ್ನೊಬ್ಬ. ಬೇರೆಯವರು ಕಳಿಸಿದ ಪ್ಯಾಚ್ ಅನ್ನು ನಾನು ಸೇರಿಸಿದರೆ ಆಥರ್ ಜಾಗದಲ್ಲಿ ಅವರ ಹೆಸರೇ ಉಳಿಯುತ್ತೆ, ನನ್ನದು ಕಮಿಟರ್ ಜಾಗಕ್ಕೆ. ಲಿನಕ್ಸ್‌ನವರು ಇಂಥ ಮೇಲ್‌ನಲ್ಲಿ ಬಂದ ಪ್ಯಾಚ್‌ಗಳ ಮೇಲೇ ಬದುಕುತ್ತಿದ್ದರು, ಹಾಗಾಗಿ ಈ ಎರಡು ಕಾಲಂ ಅವರಿಗೆ ಮರ್ಯಾದೆಯ ಪ್ರಶ್ನೆ. 19ನೇ ಶತಮಾನದ ಲೈಬ್ರರಿಗಳು ಕಮಿಟರ್ ಹೆಸರನ್ನು ಚೆನ್ನಾಗಿ ಬರೆದುಕೊಂಡವು. ಆಥರ್ ಕಾಲಂ ಖಾಲಿ ಬಿಟ್ಟವು, ಎಷ್ಟೋ ಕಡೆ ಎರಡನ್ನೂ ಒಂದೇ ಮಾಡಿಬಿಟ್ಟವು.

ನ್ಯಾಯವಾಗಿ ಹೇಳಬೇಕು ಅಂದರೆ, ಕಿಟೆಲ್ ಪದಗಳ ವಿಷಯದಲ್ಲಿ ಈ ತಪ್ಪು ಮಾಡಲಿಲ್ಲ. ಅವನ ನಿಘಂಟು ಬಿಡಿಸಿ ನೋಡಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಇದೆ. ಪದದ ಮುಂದೆ ಸಣ್ಣ ಸಣ್ಣ ಸಂಕೇತಗಳು: ಇದು ಶಬ್ದಮಣಿದರ್ಪಣದ್ದು, ಇದು ಬಸವ ಪುರಾಣದ್ದು, ಇದು ಮೈಸೂರು ಕಡೆ ಆಡುವ ಮಾತು. ಎಲ್ಲಿಂದ ಬಂತು ಅಂತ ಹೇಳದೆ ಒಂದು ಪದವನ್ನೂ ಒಳಗೆ ಬಿಟ್ಟುಕೊಳ್ಳಬಾರದು ಅನ್ನುವ ಹಟ. ನಾನು ಮೊದಲು ಆ ಸಂಕೇತಗಳನ್ನು ಕಸ ಅಂತ ದಾಟಿಕೊಂಡು ಅರ್ಥ ಮಾತ್ರ ಓದ್ತಿದ್ದೆ. ಈಗ ಅರ್ಥಕ್ಕಿಂತ ಮೊದಲು ಅವನ್ನೇ ನೋಡ್ತೀನಿ. ಪುಸ್ತಕಗಳಿಗೆ, ಊರುಗಳಿಗೆ ಕೊಟ್ಟ ಈ ಮರ್ಯಾದೆ ಮನುಷ್ಯರಿಗೆ ಸಿಕ್ಕಿದ್ದು ಕಮ್ಮಿ, ಅಷ್ಟೇ. ‘ಮೈಸೂರು ಕಡೆ’ ಅಂದರೆ ಯಾರೋ ಒಬ್ಬರು ಬಾಯಿಬಿಟ್ಟು ಆಡಿದ್ದು ತಾನೇ?

ಇದು ಜರ್ಮನ್ನರ ಚಾಳಿ ಅಂತ ನೀವು ತಲೆಯಾಡಿಸುವ ಮೊದಲು ಮೈಸೂರಿಗೆ ಹೋಗೋಣ. 1891ರಲ್ಲಿ ಶುರುವಾದ ಓರಿಯಂಟಲ್ ಲೈಬ್ರರಿ, ಈಗಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯ. ಅಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಒಂದು ತಾಡೋಲೆ ಕಟ್ಟು ಸಿಕ್ಕಿತು, ಗ್ರಂಥ ಲಿಪಿಯದು. ಓದಿ ನೋಡಿದರೆ ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅಚ್ಚಾಯ್ತು. ಭಾರತದ ಚರಿತ್ರೆಯ ಪುಸ್ತಕಗಳನ್ನೆಲ್ಲ ತಿರುಗಿ ಬರೆಯಬೇಕಾಯ್ತು. ಶಾಮಶಾಸ್ತ್ರಿಗಳ ಹೆಸರು ಉಳಿಯಿತು, ಉಳಿಯಲೇಬೇಕು. ಆ ಕಟ್ಟನ್ನು ಲೈಬ್ರರಿಗೆ ತಂದುಕೊಟ್ಟವರು ಯಾರು? ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು. ಇಷ್ಟೇ ದಾಖಲೆ. 20ನೇ ಶತಮಾನದ ಅತಿ ದೊಡ್ಡ ಪುಸ್ತಕ ಪತ್ತೆಯ ಕಥೆಯಲ್ಲಿ, ನಮ್ಮದೇ ಲೈಬ್ರರಿಯಲ್ಲಿ, ನಮ್ಮವರೇ ಬರೆದ ದಾಖಲೆಯಲ್ಲಿ, ‘ಒಬ್ಬ ಪಂಡಿತರು’. ಅವರು ಆ ಕಟ್ಟನ್ನು ಮಾರಿದರೋ, ದಾನ ಕೊಟ್ಟರೋ, ಇನ್ನು ಮುಂದೆ ಮಕ್ಕಳು ಓದಲ್ಲ ಅಂತ ಬೇಜಾರಿನಲ್ಲಿ ತಂದರೋ. ಕಾವೇರಿಗೆ ಬಿಡದೆ ಮೈಸೂರಿನ ತನಕ ಹೊತ್ತು ತಂದರಲ್ಲ. ನನಗಿಂತ ನೂರು ಪಾಲು ಮೇಲು.

ಈ ಎಲ್ಲ ತಲೆಯಲ್ಲಿಟ್ಟುಕೊಂಡು ಕಳೆದ ಸಲ ಊರಿಗೆ ಬಂದಾಗ ಅಪ್ಪಯ್ಯನನ್ನು ಕಾರಿನಲ್ಲಿ ಕೂರಿಸಿಕೊಂಡು ಕೆಳದಿಗೆ ಹೋದೆ. ಆಲ್ಕೊಳ ಸರ್ಕಲ್ ದಾಟಿದರೆ ಸಾಗರ ರಸ್ತೆ, ಸಾಗರದಿಂದ ಮುಂದೆ ಸ್ವಲ್ಪ ದೂರ. ಕೆಳದಿಯ ವಸ್ತುಸಂಗ್ರಹಾಲಯವನ್ನು ಕಟ್ಟಿದವರು ಕೆಳದಿ ಗುಂಡಾ ಜೋಯಿಸರು. ಮನೆ ಮನೆಯಿಂದ ಓಲೆ, ಕಡತ, ತಾಮ್ರಪಟ, ನಾಣ್ಯ ಕೂಡಿಸಿ ಮಾಡಿದ್ದು. ಆಮೇಲೆ ಅದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿತು. ಅಂದರೆ ನಮ್ಮ ಜಿಲ್ಲೆಯಲ್ಲೂ ಒಂದು ವಿಶ್ವವಿದ್ಯಾಲಯದ ಸುಪರ್ದಿಯಲ್ಲಿ ಒಂದು ಹಸ್ತಪ್ರತಿ ಸಂಗ್ರಹ ಇದೆ. ಟ್ಯೂಬಿಂಗೆನ್‌ನ ಜೊತೆ ಹೋಲಿಸಲು ನಾನು ಮೈಸೂರಿನ ತನಕ ಹೋಗಬೇಕಿರಲಿಲ್ಲ. (ಕುವೆಂಪು ವಿ.ವಿ. ಹುಟ್ಟಿದ್ದು ನಾನು ಹುಟ್ಟಿದ ವರ್ಷವೇ, 1987. ಐನೂರು ವರ್ಷದ ಅಂತರ ಇಟ್ಟುಕೊಂಡು ಹೋಲಿಸುವಾಗ ಸ್ವಲ್ಪ ಕರುಣೆ ಇರಲಿ.)

ಗಾಜಿನ ಹಿಂದಿನ ಓಲೆಗಳನ್ನು ಅಪ್ಪಯ್ಯ ತುಂಬಾ ಹೊತ್ತು ನೋಡಿದರು. ಕನ್ನಡಕ ತೆಗೆದರು, ಹಾಕಿದರು.

"ನಮ್ಮನೆದು ಇದೇ ಥರ ಇತ್ತು" ಅಂದರು.

"ಇದೇ ಥರ ಅಂದ್ರೆ? ಓಲೆ ಎಲ್ಲಾ ಒಂದೇ ಥರ ಕಾಣುತ್ತಲ್ಲ ಅಪ್ಪಯ್ಯ."

"ಅಕ್ಷರ ಮಾರಾಯ. ಕನ್ನಡ ಅಲ್ಲ. ಗುಂಡು ಗುಂಡು, ಮಲಯಾಳಂ ಥರ. ನಮ್ಮಜ್ಜ ಓದ್ತಿದ್ರು. ನಂಗೆ ಬರ್ತಿರ್ಲಿಲ್ಲ."

ಅದು ತಿಗಳಾರಿ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ವೇದ, ಶಾಸ್ತ್ರ, ಪ್ರಯೋಗದ ಪುಸ್ತಕಗಳನ್ನು ಬರೆಯುತ್ತಿದ್ದ ಲಿಪಿ, ಮಲಯಾಳಂ ಲಿಪಿಯ ಅಣ್ಣತಮ್ಮ. ಕೆಳದಿಯ ಸಂಗ್ರಹದಲ್ಲಿ ಈ ಲಿಪಿಯ ಓಲೆಗಳೇ ಬಹಳ ಇವೆ. ಊಟದ ಟೇಬಲ್ಲಿನಲ್ಲಿ ನನ್ನ ಗೆಳೆಯ ಫೋನಿನಲ್ಲಿ ತೋರಿಸಿದಾಗ "ನಿಮ್ಮ ಲಿಪಿ ಚೆನ್ನಾಗಿದೆ" ಅಂದಿದ್ದೆ. ಹತ್ತಿರ ಹತ್ತಿರ ಅದೇ ಅಕ್ಷರಗಳನ್ನು ನಾನು ಕೈಯಾರೆ ನೀರಿಗೆ ಬಿಟ್ಟಿದ್ದೆ.

ಯೂನಿಕೋಡ್‌ನಲ್ಲಿ ಕನ್ನಡ ಮೊದಲಿನಿಂದಲೂ ಇದೆ. ತುಳು-ತಿಗಳಾರಿ ಸೇರಿದ್ದು 2024ರ ಸೆಪ್ಟೆಂಬರ್‌ನಲ್ಲಿ, ಯೂನಿಕೋಡ್ 16ರಲ್ಲಿ. ಅದಕ್ಕೂ ಮೊದಲು ಒಂದು ಸಾಲು ತಿಗಳಾರಿಯನ್ನು ತಿಗಳಾರಿಯಲ್ಲೇ ಟೈಪ್ ಮಾಡಿ ಇನ್ನೊಬ್ಬರಿಗೆ ಕಳಿಸಿದರೆ ಅವರ ಕಂಪ್ಯೂಟರಿಗೆ ಅದು ಏನು ಅಂತ ಗೊತ್ತಾಗುವ ದಾರಿಯೇ ಇರಲಿಲ್ಲ. ಈಗ ದಾರಿ ಇದೆ, ಓದುವವರು ಬೇಕು. ಆ ಲಿಪಿ ಕಲಿಸುವವರು ಅಲ್ಲಲ್ಲಿ ಇದ್ದಾರೆ. ಕನ್ನಡದಲ್ಲಿ ಈ ಕೆಲಸ ಆಗೋದೇ ಇಲ್ಲ ಅಂತ ನಾನು ಹೇಳಲ್ಲ. ವಚನ ಸಂಚಯದಲ್ಲಿ ಒಂದು ಪದ ಕೊಟ್ಟು ಅದು ಬರುವ ವಚನಗಳನ್ನೆಲ್ಲ ತೆಗೆದು ನೋಡಿದವರಿಗೆ ಗೊತ್ತು, ನಮ್ಮ ಥರದ ಕೀಬೋರ್ಡ್ ಕುಟ್ಟುವವರೇ ಬಿಡುವಿನಲ್ಲಿ ಕೂತು ಮಾಡಿದ್ದು ಅದು. ನನ್ನ ಬೇಜಾರು ಬೇರೆ. ಕಿಟೆಲ್‌ಗೆ ಪ್ರತಿಮೆ ಮಾಡಿದೆವು, ಬೆಂಗಳೂರಿನ ಒಂದು ಬಡಾವಣೆಗೆ ಅವನ ಹೆಸರಿಟ್ಟೆವು, ರಾಜ್ಯೋತ್ಸವದ ದಿನ ಎಲ್ಲರೂ ಅವನ ಫೋಟೊ ಸ್ಟೇಟಸ್ ಹಾಕ್ತೀವಿ. ಅವನು ಮಾಡಿದ ಕೆಲಸದ ಅತ್ಯಂತ ನೀರಸವಾದ ಭಾಗ, ಅಂದರೆ ಎಲ್ಲಿಂದ ಬಂತು ಅಂತ ಪ್ರತಿಯೊಂದಕ್ಕೂ ಗುರುತು ಹಾಕುವುದು, 1865ರಲ್ಲಿ ರೋತ್ ಮಾಡಿದ್ದೂ ಅದೇ, ಅದನ್ನು ಮಾತ್ರ ಯಾರೂ ಅವರಿಂದ ಕಲಿಯಲಿಲ್ಲ. ನಾನಂತೂ ಕಲಿತಿರಲಿಲ್ಲ. ಆಫೀಸಿನಲ್ಲಿ ಒಂದು ಲೈನ್ ಕೋಡ್ ಯಾರು ಬದಲಾಯಿಸಿದರು, ಯಾವ ದಿನ, ಯಾಕೆ ಅಂತ ಹತ್ತು ವರ್ಷ ಹಿಂದಿನದನ್ನೂ ಒಂದು ಕಮಾಂಡ್‌ನಲ್ಲಿ ತೆಗೀತೀನಿ. ಮನೆಯ ಪೆಟ್ಟಿಗೆಯಲ್ಲಿದ್ದದ್ದನ್ನು ಬಿಡುವ ಮೊದಲು ಒಂದು ಫೋಟೊ ತೆಗೆಯಬೇಕು ಅಂತ ಹೊಳೆಯಲಿಲ್ಲ. ಆಗ ನನ್ನ ಜೇಬಿನಲ್ಲಿ 2 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋನ್ ಇತ್ತು.

ಕೆಳದಿಯಿಂದ ವಾಪಸು ಬರುವಾಗ ಆನಂದಪುರದಲ್ಲಿ ಚಾ ಕುಡಿಯಲು ನಿಲ್ಲಿಸಿದಾಗ, ಇನ್ನಷ್ಟು ಕೇಳಿದೆ. ಯಾರು ಬರೆದದ್ದು, ಯಾರು ಬರೆಸಿದ್ದು, ಎಷ್ಟು ಎಲೆ ಇತ್ತು.

"ಎಂತಕ್ಕೋ ಈಗ ಅದೆಲ್ಲ? ಹೋಯ್ತಲ್ಲ" ಅಂದರು. ಆಮೇಲೆ ಚಾ ಆರಿಸುತ್ತಾ ಒಂದೊಂದೇ ಹೇಳಿದರು.

ಆ ರಾತ್ರಿ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟ್ ತೆರೆದೆ. ಗೋಡೆಗೆ ಒರಗಿಸಿದ್ದ ಟ್ರಂಕಿನಲ್ಲಿ ಇನ್ನೂ ಅಜ್ಜನ ಅಡಿಕೆ ಲೆಕ್ಕದ ಪುಸ್ತಕಗಳಿವೆ, ಭದ್ರಾವತಿ ಕಾಗದದವು ಇರಬೇಕು, ಮುಟ್ಟಿದರೆ ಅಂಚು ಪುಡಿ ಪುಡಿ ಆಗುತ್ತೆ. ಅವು ಎರಡನೇ ಸಾಲಿನಿಂದ ಶುರುವಾಗ್ತವೆ. ಮೊದಲ ಸಾಲು ಹೀಗಿದೆ:

ಕ್ರಮ ಸಂಖ್ಯೆ: 1. ವಸ್ತು: ತಾಡೋಲೆ, ಒಂದು ಕಟ್ಟು, ಕೆಂಪು ಬಟ್ಟೆ. ಎಲೆಗಳು: ಒಂದು ಗೇಣಿಗಿಂತ ಉದ್ದ, ಎಣಿಸಿಲ್ಲ. ಲಿಪಿ: ತಿಗಳಾರಿ (ಅಪ್ಪಯ್ಯ ಕೆಳದಿಯಲ್ಲಿ ನೋಡಿ ಹೇಳಿದ್ದು). ವಿಷಯ: ಶ್ರಾದ್ಧದ ದಿನ ಅಜ್ಜ ತೆಗೆಯುತ್ತಿದ್ದರು, ಹಾಗಾಗಿ ಪ್ರಯೋಗ ಇರಬಹುದು. ಬರೆಸಿದವರು: ಅಪ್ಪಯ್ಯನ ಮುತ್ತಜ್ಜ. ಬರೆದವರು: ಘಟ್ಟದ ಕೆಳಗಿನಿಂದ ಬಂದು ಒಂದು ಮಳೆಗಾಲ ಪೂರ್ತಿ ಜಗಲಿಯಲ್ಲಿ ಕೂತು ಬರೆದುಕೊಟ್ಟ ಒಬ್ಬರು, ಕಾಲು ಸ್ವಲ್ಪ ಕುಂಟು, ಹೆಸರು ಮನೆಯಲ್ಲಿ ಹೇಳ್ತಿದ್ದರು, ಅಪ್ಪಯ್ಯನಿಗೆ ನೆನಪಾಗ್ತಾ ಇಲ್ಲ, ನೆನಪಾದರೆ ಫೋನ್ ಮಾಡ್ತಾರೆ. ಈಗ ಇರುವ ಜಾಗ: ತುಂಗಾ, ಜುಲೈ 2009. ಬಿಟ್ಟವರು: ನಾನು.